ಕುಡಿಯದವರ ಪರೀಕ್ಷೆ

ಮಸ್ಕತ್ತಿನ ಒಂದು ಹೋಟೆಲಿನ ಬಾರ್‌ನಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಪುತ್ತೂರಿನಲ್ಲಿದ್ದ ಅಮ್ಮನಿಗೆ ಮಾತ್ರ ‘ರೆಸ್ಟೋರೆಂಟ್’ ಎಂದಷ್ಟೇ ಹೇಳಿದ್ದೆ. ನಾನು ಒಂದು ಗುಟುಕೂ ಕುಡಿದವಳಲ್ಲ, ಆದರೆ ವೈನ್‌ಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದೆ. ಮದ್ಯ ಬಡಿಸುವವರಿಗೆ ಒಂದು ಸರ್ಟಿಫಿಕೇಟ್ ಬೇಕಿತ್ತು. ಅದರ ಅವಧಿ ಮುಗಿದರೆ ಮತ್ತೆ ತರಬೇತಿ, ಮತ್ತೆ ಪರೀಕ್ಷೆ.

ನನ್ನದು ಮುಗಿದದ್ದು ತೈಲದ ಬೆಲೆ ಕುಸಿದಿದ್ದ ಕಾಲದಲ್ಲಿ. ಆಯಿಲ್ ಕಂಪನಿಗಳ ಗಿರಾಕಿಗಳು ಕಡಿಮೆಯಾಗಿದ್ದರು. ಸರ್ಟಿಫಿಕೇಟ್ ಇಲ್ಲದವರನ್ನು ಊರಿಗೆ ಕಳಿಸುತ್ತೇವೆಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಮಸ್ಕತ್ತಿನ ಹೊರವಲಯದ ಅಲ್ ಹೈಲ್‌ನಲ್ಲಿದ್ದ ನನ್ನ ಮನೆಯಲ್ಲಿ ತರಕಾರಿ ಹೆಚ್ಚುತ್ತ ಓದಿದೆ.

ಬರೆಯುವ ಪರೀಕ್ಷೆ ಸಲೀಸಾಗಿ ಆಯಿತು. ಉಳಿದದ್ದು, ಕುಡಿದು ಬಂದ ಗಿರಾಕಿಗೆ ನಯವಾಗಿ ‘ಇಲ್ಲ’ ಎನ್ನುವುದು. ಹಿಂದೆಲ್ಲ ದುಬೈಯಿಂದ ಇಬ್ಬರು ಪರೀಕ್ಷಕರು ಬರುತ್ತಿದ್ದರು, ಒಬ್ಬರು ಕುಡುಕನ ಪಾತ್ರಕ್ಕೆ. ಈ ಸಲ ಖರ್ಚು ಉಳಿಸಲು ಇಂಗ್ಲೆಂಡಿನವರಾದ ಮೇಡಂ ಒಬ್ಬರೇ ಬಂದಿದ್ದರು. “ಕುಡುಕ ಯಾರಾಗುತ್ತೀರಿ?” ಎಂದು ಕೇಳಿದಾಗ ಯಾರೂ ಏಳಲಿಲ್ಲ. ಕುಡಿಯುವವರಿಗೆ ಮ್ಯಾನೇಜರರ ಹೆದರಿಕೆ, ಕುಡಿಯದವರಿಗೆ ನಾಚಿಕೆ.

ಆಗ, ಮೇಡಂ ಅವರನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೋಟೆಲಿನ ಡ್ರೈವರ್, ಬಂಟ್ವಾಳ ಕಡೆಯ ಬ್ಯಾರಿ ಕಾಕ, ಎದ್ದು ನಿಂತರು. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ.

“ನಾನು ಮಾಡ್ತೇನೆ. ಕುಡಿದ ಗಿರಾಕಿಗಳನ್ನೆಲ್ಲ ಮನೆಗೆ ಬಿಟ್ಟು ಬಿಟ್ಟು ನಂಗೆ ಎಲ್ಲ ಗೊತ್ತುಂಟು.”

ಒಂದು ಶೂ ಕೈಯಲ್ಲಿ ಹಿಡಿದು, ಕಂಬಕ್ಕೆ ಸಲಾಂ ಹೊಡೆದು, ತೂರಾಡುತ್ತ ನನ್ನ ಕೌಂಟರಿಗೆ ಬಂದರು. “ಮೇಡಂ, ವನ್ ಮೋರ್!” ಪಾಠದಲ್ಲಿದ್ದಂತೆ ನೀರು ಕೊಟ್ಟೆ. ಅದನ್ನು ಹೂಕುಂಡಕ್ಕೆ ಸುರಿದರು. ಟ್ಯಾಕ್ಸಿ ಕರೆಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಟ್ಯಾಕ್ಸಿಯಾ? ನಾನೇ ಡ್ರೈವರ್!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕ ಕೌಂಟರಿಗೆ ಗುದ್ದಿದರು. “ಎಣ್ಣೆಯ ರೇಟು ಬಿತ್ತು, ನನ್ನ ಕೆಲಸವೂ ಹೋಯ್ತು. ಇನ್ನು ಮನೆಯಲ್ಲಿ ಎಂತ ಹೇಳ್ಲಿ?”

ಕನ್ನಡ ಬಲ್ಲವರ ನಗು ನಿಂತಿತು. ನನಗೆ ಕಲಿತ ಇಂಗ್ಲಿಷೆಲ್ಲ ಮರೆತುಹೋಯಿತು.

“ಕಾಕ, ಇವತ್ತಿಗೆ ಸಾಕು. ಬನ್ನಿ, ಕೂತ್ಕೊಳ್ಳಿ. ಊಟ ಹಾಕಿಸ್ತೇನೆ. ಉಳಿದದ್ದು ಬೆಳಿಗ್ಗೆ ಮಾತಾಡುವ.”

ಅವರು ನನ್ನನ್ನೇ ನೋಡಿ, ಕುಳಿತು ಶೂ ಹಾಕಿಕೊಂಡರು. “ಖಲಾಸ್,” ಎಂದರು.

“ನನಗೊಂದು ಪದವೂ ಅರ್ಥವಾಗಲಿಲ್ಲ. ಆದರೆ ಗಿರಾಕಿ ಕುಳಿತನಲ್ಲ!” ಎಂದು ಮೇಡಂ ನನ್ನನ್ನು ಪಾಸು ಮಾಡಿದರು.

ಚಹಾದ ಹೊತ್ತಿಗೆ ಕಾಕನ ಬಳಿ ಮೆಲ್ಲಗೆ ಕೇಳಿದೆ: “ನಿಮ್ಮ ಕೆಲಸಕ್ಕೆ ಏನಾದ್ರೂ...?”

“ಇಲ್ಲ ತಂಗಿ. ಅದು ನನ್ನ ಕಾರಿನ ಹಿಂದಿನ ಸೀಟಿನವರ ಮಾತು. ಈಗೀಗ ದಿನಾ ಅದನ್ನೇ ಕೇಳುವುದು. ನಾನೊಂದು ಉತ್ತರ ಹುಡುಕ್ತಾ ಇದ್ದೆ. ನೀನು ಹೇಳಿದ್ದು ಒಳ್ಳೆದುಂಟು.”

ನನಗೆ ಸಮಾಧಾನವೂ ಆಯಿತು, ಸಣ್ಣ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಮೇಡಂ ಬಂದು, ಮಧ್ಯಾಹ್ನ ಇನ್ನೊಂದು ಹೋಟೆಲಿನಲ್ಲಿ ಪರೀಕ್ಷೆಯಿದೆ, ಅಲ್ಲಿಗೂ ಬರುತ್ತೀರಾ ಎಂದು ಕಾಕನನ್ನು ಕೇಳಿದರು. ಕಾಕ ಊರಿಗೆ ಫೋನ್ ಹಚ್ಚಿ ಹೆಂಡತಿಗೆ ಸಂಗತಿ ತಿಳಿಸಿದರು. ಆಕೆ ಬ್ಯಾರಿ ಭಾಷೆಯಲ್ಲಿ ಬೈದದ್ದು ನಮ್ಮೆಲ್ಲರಿಗೂ ಕೇಳಿಸಿತು. ಆದರೂ ನಮಾಜು ಮುಗಿಸಿ, ಟೋಪಿಯನ್ನು ಮಡಿಸಿ ಜೇಬಿಗಿಟ್ಟು, “ಯಲ್ಲಾ ಮೇಡಂ, ಹೋಗುವ,” ಎಂದು ಅವರು ಕುಡುಕನಾಗಲು ಹೊರಟರು.