ಹೂಲಿಯಲ್ಲಿ ಸ್ಟಾರ್ಟರ್ ಬಿಚ್ಚಿದ್ದು

ಬೈಲಹೊಂಗಲದಿಂದ ಇಲ್ಲಿಯವರೆಗೆ ನಮ್ಮ ಹಳೆಯ ಡೀಸೆಲ್ ಜೀಪು ನಿಂತಲ್ಲೆಲ್ಲ ಜನ ದಬ್ಬಿದ ಮೇಲೆಯೇ ಹೊರಟಿತ್ತು. ಹೂಲಿಯಲ್ಲಿ ಚಹಾ ಕುಡಿದು ಏರಿದರೆ ಮತ್ತೆ ಅದೇ ಕತೆ. ಡ್ರೈವರ್ ದಸ್ತಗೀರ್ ಸಾಹೇಬರು ಅಂಗಿ ಕಳಚಿ ಬೇವಿನ ಕೊಂಬೆಗೆ ಹಾಕಿದರು. ಬೇರೊಂದು ಜೀಪಿನಿಂದ ಬಿಚ್ಚಿ ತಂದ ಸ್ಟಾರ್ಟರ್ ಮೋಟಾರು ಸೀಟಿನ ಕೆಳಗಿತ್ತು.

ಚಹಾದಂಗಡಿಯ ಕಟ್ಟೆಯ ಮೇಲಿದ್ದ ನಾಲ್ವರು ಎದ್ದರು. "ದಬ್ಬತೇವಿ ತಗೋರಿ, ಸಾಹೇಬ್ರ."

"ಬ್ಯಾಡ್ರಿ. ಇವತ್ತ ಇದು ತಾನ ಎದ್ದು ಹೋಗಬೇಕು."

ಅವರು ಮತ್ತೆ ಕುಳಿತರು, ಎದ್ದು ಹೋಗಲಿಲ್ಲ.

ಬ್ಯಾಟರಿಯ ತಂತಿ ಕಳಚಿ ಸಾಹೇಬರು ಜೀಪಿನಡಿ ನುಸುಳಿದರು. ಮೇಲಿನ ಬೋಲ್ಟು ಜಪ್ಪಯ್ಯ ಎನ್ನಲಿಲ್ಲ. ಬೋಲ್ಟು ತಿರುಗಿಸುವ ಪಾನಾ ಜಾರಿ ಬೆರಳ ಗೆಣ್ಣು ಸುಲಿಯಿತು. ರಕ್ತವನ್ನು ಪಾಯಿಜಾಮಕ್ಕೆ ಒರೆಸಿ ಮತ್ತೆ ಪಾನಾ ಹಾಕಿದರು. ಕೊನೆಗೆ ಅದು ಸಡಿಲಾದಾಗ ಹಳೆಯ ಮೋಟಾರನ್ನು ನಾನು ಎರಡೂ ಕೈಯಲ್ಲಿ ಹಿಡಿದು ಇಳಿಸಿಕೊಂಡೆ. ಬದಲಿ ಮೋಟಾರನ್ನು ಅವರು ಎದೆಯ ಮೇಲಿಟ್ಟುಕೊಂಡು, ಮಲಗಿದಲ್ಲಿಂದಲೇ ಎತ್ತಿ ಕೂರಿಸಿದರು. ಬೋಲ್ಟು, ತಂತಿ ಬಿಗಿದು ಹೊರಬಂದು ಬಟನ್ ಒತ್ತಿದ್ದೇ ತಡ, ಎಂಜಿನ್ ಗುಡುಗಿತು.

ಕಟ್ಟೆಯ ನಾಲ್ವರ ಮುಖ ಬಾಡಿತು. ಯಾಕೆಂದು ಕೇಳಿದೆ.

ಅವರಲ್ಲಿ ಹಿರಿಯರೊಬ್ಬರು ಗಂಟು ಹೆಗಲಿಗೇರಿಸಿಕೊಂಡರು. "ಸವದತ್ತಿಗೆ ಹೋಗೂದಿತ್ರಿ. ದಬ್ಬಿದ್ರ ಗಾಡಿ ಹತ್ತತಿದ್ವಿ. ಏನೂ ಮಾಡದ ಹೆಂಗ ಹತ್ತೂದು?"

ಪರವಾಗಿಲ್ಲ, ಹತ್ತಿ ಎಂದು ಕರೆದೆ. ಯಾರೂ ಅಲುಗಾಡಲಿಲ್ಲ.

ಸಾಹೇಬರು ಸುಲಿದ ಗೆಣ್ಣನ್ನೊಮ್ಮೆ ನೋಡಿಕೊಂಡರು. ಆಮೇಲೆ ಎಂಜಿನ್ ಆರಿಸಿ, ಗೇರು ಹಾಕಿ, ಕಿಟಕಿಯಿಂದ ತಲೆ ಹೊರಗೆ ಚಾಚಿದರು.

"ದಬ್ಬರಿ."