ಬಿಸಲಿಗೆ ಹಾರೋ ಹಳದಿ

ನೂಲ ಅನ್ನೋ ಹಳ್ಳ್ಯಾಗ ಬಡಿಗತನ ಮಾಡೋ ನಮ್ಮಣ್ಣ ಮಲ್ಲಾರಿ ಒಮ್ಮೀನೂ ಸಮುದ್ರ ನೋಡಿದಾಂವಲ್ಲ. ಆದ್ರೂ ತೆರಿ ಮ್ಯಾಲೆ ನಿಂತು ಜಾರೋ ಹಲಗಿ ಮಾಡಿದ. ಸಮುದ್ರದ ದಂಡಿ ಮಾಲವಣದ ಹೋಟೆಲಿನ್ಯಾಗ ಕೆಲಸಕ್ಕಿದ್ದ ಮಗಳು ಸಾರಿಕಾ ಫೋನಿಗೆ ಫೋಟೋ ಕಳಿಸಿ, "ಅಪ್ಪಾ, ಇಂಥಾದೊಂದು ಮಾಡಿಕೊಡು" ಅಂದಿದ್ಲು. ಒಳಗ ಮೀನಿನ ಎಲುಬಿನಂಗ ಪಟ್ಟಿ ಜೋಡಿಸಿ, ಮ್ಯಾಲೆ ತೆಳ್ಳನ ಹಲಗಿ ಅಂಟಿಸಿದ. ಓಣಿ ಮಂದಿ, "ಈ ಚೂಪನ ಬಾಗಲ ಯಾರ ಮನೀದೋ?" ಅಂತ ನಕ್ಕರು. ನಗೋದಕ್ಕೇನು, ಹಲ್ಲಿದ್ರ ಸಾಕು.

ಬಣ್ಣಕ್ಕ ಅರಿಷಿಣದ ಭಂಡಾರನ ಕಲಿಸಿ ಹಚ್ಚಿದ. ನಮ್ಮ ಕುರುಬರ ಮನ್ಯಾಗ ಹಣಿಗೆ ಭಂಡಾರ ಹಚ್ಚದ ಯಾರನ್ನೂ ದೂರ ಕಳಸೂದಿಲ್ಲ. ಹಲಗೀನೂ ಹಂಗ ಹೋಗಲಿ ಅಂದ. ಆಮ್ಯಾಲೆ ಮಗಳಿಗೆ ಫೋನ್ ಹಚ್ಚಿ, "ಮುಗೀತವ್ವಾ, ಬಾ" ಅಂದ.

ಹಲಗಿ ಒಯ್ಯಾಕ ಬರಾಕತ್ತಿದ್ದ ಸಾರಿಕಾಳ ಗಾಡಿ ಆಂಬೋಲಿ ಘಾಟಿನ್ಯಾಗ ಜಾರಿತು. ಮನಿಗೆ ಹೆಣ ಬಂತು.

ಹಲಗಿ ಅಂಗಳದಾಗ ಉಳೀತು. ಅರಿಷಿಣ ಬಿಸಲಿಗೆ ತಡಿಯಾಂಗಿಲ್ಲ. ಅದು ಬೆಳ್ಳಗಾದಂಗೆಲ್ಲ ಅಣ್ಣ ಮತ್ತ ಹಚ್ಚತಾನ. ನಾನು, ಅವನ ತಮ್ಮ ಅವಧೂತ, ಇಚಲಕರಂಜಿಯಾಗ ನೂಲಿಗೆ ಬಣ್ಣ ಹಾಕಾಂವ. ನೋಡಿ ನೋಡಿ ತಲಿ ಕೆಟ್ಟು, ಹೋದ ವಾರ ಬಿಸಲಿಗೆ ಹಾರದ ಪಕ್ಕಾ ಹಳದಿ ಬಣ್ಣದ ಡಬ್ಬಿ ತಂದು ಅವನ ಮುಂದ ಕುಕ್ಕಿದೆ.

"ಇದನ್ನ ಹಚ್ಚೋ ಮಾರಾಯಾ. ಒಮ್ಮೆ ಹಚ್ಚಿದ್ರ ಮುಗೀತು!"

ಅಣ್ಣ ಡಬ್ಬಿ ಮುಟ್ಟಲಿಲ್ಲ. ಭಂಡಾರ ಹಚ್ಚೋ ಹಳದಿ ಅರಿವಿ ಹಿಂಡಿದ.

"ಮುಗೀತು ಅಂದದ್ದಕ್ಕ ಅಕಿ ಹೊಂಟಿದ್ಲು," ಅಂದ. "ಇದು ಮುಗದಿಲ್ಲೋ ಅವಧೂತ. ಇನ್ನೂ ಮುಗದಿಲ್ಲ."