ಕಮಲಾಪುರದ ಗಿರಣಿಗೆ ಬರೆದ ಬೋರ್ಡು

ಕಲಬುರಗಿಯ ಮೋಮಿನಪುರದ ಇನಾಯತ್ ಬೋರ್ಡು ಬರೆಯುವವನು. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಅವನ ಅಣ್ಣತಮ್ಮಂದಿರು ಹೈದರಾಬಾದ್ ಸೇರಿದರು, ಹೆಂಡತಿ ಹಲೀಮಾ ಜ್ವರ ಬಂದು ತೀರಿಕೊಂಡಳು, ಉರ್ದು ಬೋರ್ಡು ಕೇಳುವವರೂ ಕಡಿಮೆಯಾದರು. ಆಸಾಮಿ ಕೈಕಟ್ಟಿ ಕೂಡಲಿಲ್ಲ, ತಲೆ ನೆರೆತ ಮೇಲೆ ಕನ್ನಡ ಅಕ್ಷರ ಕಲಿತ. ಮನೆಯಲ್ಲಿ ಮಾತಾಡಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಯಾರಾದರೂ ಕೆಲಸಕ್ಕೆ ಕರೆದರಷ್ಟೇ ಮನುಷ್ಯರ ಮುಖ.

ಕಮಲಾಪುರದ ಸಾವ್ಕಾರ ಜಗದೇವಪ್ಪ ಗಿರಣಿಗೆ ಆಯಿಲ್ ಇಂಜಿನ್ ತಂದ. ಅದನ್ನು ಚಾಲೂ ಮಾಡುವ ಬಗೆಯನ್ನು ಇನಾಯತ್ ತಗಡಿನ ಮೇಲೆ ಅಡ್ಡಕ್ಕೆ ನಾಲ್ಕು ಮನೆ ಹಾಕಿ ಬರೆದುಕೊಟ್ಟ: ಎಣ್ಣೆ ಬಿಡು, ಲಿವರ್ ಎತ್ತು, ಹ್ಯಾಂಡಲ್ ತಿರುಗಿಸು, ಲಿವರ್ ಇಳಿಸು. ಆದರೆ ಜನ್ಮವಿಡೀ ಉರ್ದು ಬರೆದ ಕೈ ನೋಡಿ! ಮೊದಲ ಮನೆಯನ್ನು ಬಲತುದಿಗೆ ಇಟ್ಟುಬಿಟ್ಟಿತ್ತು.

ಗಿರಣಿಯ ಆಳು ಮರೆಪ್ಪ ಎಡದಿಂದ ಓದಿದ. ಲಿವರ್ ಇಳಿಸಿಯೇ ಹ್ಯಾಂಡಲ್ ತಿರುಗಿಸಿದ. ಇಂಜಿನ್ನಿನ ಒಳಗಿನ ಒತ್ತಡಕ್ಕೆ ಹ್ಯಾಂಡಲ್ ಹಿಂದಕ್ಕೆ ಒದ್ದು ಅವನ ಮಣಿಕಟ್ಟು ಉಳುಕಿತು.

ಬೋರ್ಡು ಓದಿ ಆಳಿಗೆ ಪೆಟ್ಟಾಯಿತೆಂದು ಕರೆ ಬಂದಾಗ ಇನಾಯತ್ ಹೆದರಿದ. ಬೇಕಂತಲೇ ಮಾಡಿದ ಎಂದುಬಿಟ್ಟರೆ? ಆ ದಿನಗಳಲ್ಲಿ ಒಬ್ಬ ಮುಸಲ್ಮಾನನ ಮೇಲೆ ಊರು ತಿರುಗಿಬೀಳಲು ಅಷ್ಟು ಮಾತು ಸಾಕಿತ್ತು. ಆದರೂ, ಹೇಳಿದರೆ ನಾಚಿಕೆ, ಒಳಗೊಳಗೇ ಹಿಗ್ಗಿದ. ತನ್ನನ್ನೂ ಯಾರೋ ಹೇಳಿಕಳುಹಿಸಿ ಕರೆದರಲ್ಲ!

"ಏನಪಾ ಇನಾಯತ್, ಇದನ್ನ ಯಾವ ಕಡಿಂದ ಓದಬೇಕು?" ಜಗದೇವಪ್ಪ ಗದರಿದ.

"ಬಲಗಡಿಂದ್ರೀ..." ಎಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ. "ಯಾ ಅಲ್ಲಾ! ಕೈ ರೂಢಿರೀ ಸಾವ್ಕಾರ್ರ. ಖರೇನ ಬೇಕಂತ ಮಾಡಿಲ್ರೀ."

ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಮರೆಪ್ಪ ನಕ್ಕುಬಿಟ್ಟ. "ಗೊತ್ತದ ಬಿಡ್ರಿ ಭಾಯಿ. ನಿಮಗ್ಯಾಕ ನನ್ನ ಮ್ಯಾಲ ಸಿಟ್ಟು?"

ಇನಾಯತ್‌ನ ಕಣ್ಣು ತುಂಬಿ ಬಂದವು. ತಗಡು ತಿರುವಿಹಾಕಿ, ಹಿಂಬದಿಗೆ ಒಂದರ ಕೆಳಗೊಂದು ಬರೆದ, ಅಂಕಿಯನ್ನೂ ಹಾಕಿದ. ಮೇಲಿಂದ ಕೆಳಗೆ ಓದಲು ಯಾವ ಲಿಪಿಯವನಿಗೂ ಅಡ್ಡಿಯಿಲ್ಲ. ನಡುವೆ ಮರೆಪ್ಪ ಚಹಾ ಕೊಟ್ಟ, ಮನೆಯವರ ಬಗ್ಗೆ ಕೇಳಿದ. ಇನಾಯತ್ ಹಲೀಮಾಳ ಬಗ್ಗೆ ಮಾತಾಡುತ್ತಲೇ ಬೇಕೆಂದೇ ಕುಂಚವನ್ನು ನಿಧಾನ ಮಾಡಿದ.

ಬರೆದು ಮುಗಿದ ಮೇಲೆ, ಅಲ್ಲಿಯವರೆಗೆ ಇಂಜಿನ್ ಮುಟ್ಟದ ಜಗದೇವಪ್ಪನೇ ಓದಿ ಓದಿ ಚಾಲೂ ಮಾಡಿದ. ಮೊದಲ ಸಲಕ್ಕೇ ಬಡಬಡ ಶುರುವಾಯಿತು.

"ಏನರ ತಿಳೀಲಿಲ್ಲಂದ್ರ ಹೇಳಿ ಕಳಸ್ರೀ, ಬರ್ತೀನಿ," ಇನಾಯತ್ ಆ ಸದ್ದಿನಲ್ಲೇ ಕೂಗಿ ಹೇಳಿದ.

"ಇಷ್ಟ್ ಛಂದ ಬರದೀದಿ, ತಿಳೀಲಾರದ್ದು ಏನದ? ಇನ್ನ ನೀ ಬರೂ ತ್ರಾಸೇ ಇಲ್ಲ ಬಿಡು!" ಜಗದೇವಪ್ಪ ಪ್ರೀತಿಯಿಂದಲೇ ಬೆನ್ನು ತಟ್ಟಿದ.

ಇನಾಯತ್ ಕುಂಚ, ಬಣ್ಣದ ಡಬ್ಬಿ ಚೀಲಕ್ಕೆ ಹಾಕಿಕೊಂಡ. ಕಲಬುರಗಿಗೆ ಮರಳುವ ಮೋಟಾರು ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು. ಗಿರಣಿಯಲ್ಲಿ ಕೂಡಲು ಅವನಿಗೆ ಯಾವ ನೆಪವೂ ಉಳಿದಿರಲಿಲ್ಲ.